ತಾಳೆ

ನವನಗರದ ಆಸ್ಪತ್ರೆ, ನೆಲಮಾಳಿಗೆ.
ಎರಡು ಎಕ್ಸ್‌ರೇ ಕೊಳವೆ, ಒಂದಕ್ಕೊಂದು ಓರೆ,
ಮಾತು ಬಿಟ್ಟ ಓರಗಿತ್ತಿಯರು ಒಂದೇ ತೊಟ್ಟಿಲಿಗೆ ಬಗ್ಗಿದ ಹಾಗೆ.
ಕೆಳಗೆ ಮಣಿ ಕೂರಿಸಿದ ಪೆಟ್ಟಿಗೆ.
ನಡುವೆ ದಾವಲಸಾಬ ಗೊಳಸಂಗಿಯವರ ಬಲ ಚಪ್ಪೆ.

ಸಿಮೆಂಟ್ ಹಾಕಿಲ್ಲ.
ತೊಡೆಯೆಲುಬಿನ ಒಳಗನ್ನು ಕೆರೆದು
ಟೈಟಾನಿಯಂ ಕಾಂಡವನ್ನು ಸುತ್ತಿಗೆಯಿಂದ ಇಳಿಸಿದ್ದಾರೆ.
ಬಡಿತದ ದನಿ ಬದಲಾದಾಗ
ಡಾಕ್ಟರ್ ಕೈ ತಡೆದರಂತೆ.
ಇನ್ನು ಎಲುಬೇ ಬೆಳೆದು ಹಿಡಿಯಬೇಕು ಅದನ್ನು.
ಹಿಡಿಯಿತೋ ಇಲ್ಲವೋ ಬರಿಗಣ್ಣಿಗೆ ತಿಳಿಯದು,
ಅದಕ್ಕೇ ಎಲುಬಿನಲ್ಲಿ ಸಾಸಿವೆಗಿಂತ ಸಣ್ಣ
ಎಂಟು ಟ್ಯಾಂಟಲಮ್ ಮಣಿ,
ಅದಕ್ಕೇ ತಿಂಗಳ ಸಂಬಳಕ್ಕೆ ನಾನು.

"ಗುದ್ದಲಿಗೆ ಕಾವು ಕೂರ್ಸಿದಂಗ ಅನ್ರಿ."
ಹೌದು ಅಜ್ಜಾ. ಆದರೆ ಈ ಗುದ್ದಲಿ ಉಸಿರಾಡುತ್ತದೆ.

ಮೂರನೆಯ ದಿನದ ಚಿತ್ರ ಸೊನ್ನೆ.
ಇಲ್ಲಿಂದ ಎಣಿಸು ಎಂಬ ಸೊನ್ನೆ.

ಮೂರು ತಿಂಗಳಿಗೆ ಬಂದರು, ಎಡಗೈಲಿ ಕೋಲು.
ಕಾಂಡ ಇಳಿದಿತ್ತು, ಒಂದು ಮಿಲಿಮೀಟರು, ಮೇಲೊಂದು ಚೂರು.
ಹೇಳಬಾರದಿತ್ತು. ಬಾಯಿ ಜಾರಿತು.
"ಇಳಿಯೂದಂದ್ರ ಏನಂತ ನನಗ ಹೇಳಬ್ಯಾಡ ತಂಗಿ,
ಪ್ರಾಜೆಕ್ಟಿನ್ಯಾಗ ಮೂವತ್ತು ವರ್ಷ ಸ್ಟಾಫ್ ಹಿಡದಾಂವ ನಾ."

ಕೆಂಪು ಕಪ್ಪು ಗೆರೆಯ ಎತ್ತರದ ಕೋಲು
ಹಳೇ ಬಾಗಲಕೋಟೆಯ ಓಣಿ ಓಣಿಯಲ್ಲಿ;
ದೂರದಲ್ಲಿ ಸಾಹೇಬರು ದುರ್ಬೀನಿಗೆ ಕಣ್ಣಿಟ್ಟು
ಕೈ ಬೀಸುತ್ತಿದ್ದರು, ತುಸು ಎಡಕ್ಕೆ, ತುಸು ಬಲಕ್ಕೆ, ಸಾಕು.
ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು
ಗೋಡೆ ಗೋಡೆಗೆ ಬಣ್ಣ.
"ನಮ್ಮ ಹೊಸ್ತಿಲಕೂ ನಾನ ಇಟ್ಟೆ ಕೋಲು.
ಗೆರಿಗಿಂತ ನಾಕ ಬೆರಳು ಕೆಳಗ ಬಂತು.
ಸಾಹೇಬ್ರು ನನ್ನ ಮಾರಿ ನೋಡ್ಲಿಲ್ಲ, ಅಂಕಿ ಬರಕೊಂಡ್ರು."

ನಾನು ಹೇಳಿದೆ: ಎದ್ದು ಹೊರಗೆ ಹೋಗಿ,
ಮತ್ತೆ ಬಂದು ಮಲಗಿ, ಇನ್ನೊಂದು ಸಲ ತೆಗೆಯಬೇಕು.
ಇದಕ್ಕೆ ಎಲ್ಲರೂ ಗೊಣಗುತ್ತಾರೆ, ಮಷೀನು ಕೆಟ್ಟೈತೇನ್ರಿ ಎಂದು.
ಇವರು ನಕ್ಕರು.
"ಕಲ್ಲಿಂದ ಹೊಂಟು, ಊರೆಲ್ಲಾ ಅಳದು,
ತಿರುಗಿ ಅದ ಕಲ್ಲಿಗೆ ಬಂದು ಮುಟ್ಟಬೇಕು.
ತಾಳೆ ಆಗದ ಎಷ್ಟು ಉಳೀತೈತಿ,
ಅಷ್ಟು ನಮ್ಮ ತಪ್ಪು. ನೆಲದ್ದಲ್ಲ."

ಕಾಲೇಜಿನ ನಾಲ್ಕು ವರ್ಷದಲ್ಲಿ
ಯಾರೂ ನನಗೆ ಹೀಗೆ ಹೇಳಿಕೊಟ್ಟಿರಲಿಲ್ಲ.
ಅವತ್ತಿನ ನನ್ನ ತಪ್ಪು: ಮಿಲಿಮೀಟರಿನ ಹತ್ತನೆಯ ಒಂದು ಪಾಲು.

ಎಲ್ಲರದೂ ನಿಲ್ಲುವುದಿಲ್ಲ.
ರಬಕವಿಯ ನೀಲವ್ವ ಕುಂಚನೂರರದು
ವರ್ಷ ಕಳೆದರೂ ಇಳಿಯುತ್ತಲೇ ಇತ್ತು, ಕೂದಲೆಳೆ ಕೂದಲೆಳೆ,
ಜೊತೆಗೆ ಸಣ್ಣ ತಿರುವು.
ಆಕೆ ಮಾತ್ರ ಕೈಬೀಸಿ ನಡೆದು ಬಂದು
ಬುತ್ತಿಯ ಶೇಂಗಾ ಹೋಳಿಗೆ ಕೊಟ್ಟರು ನನಗೆ.
ಆಕೆಗೆ ನೋಯುವ ಮೊದಲೇ
ನೋವು ನನಗೆ ಗೊತ್ತಿತ್ತು.
ಹೋಳಿಗೆ ತಿಂದೆ. ವರದಿ ಬರೆದೆ.

ಆರು ತಿಂಗಳಿಗೆ ದಾವಲಸಾಬರದು ೧.೨೧.
ವರ್ಷಕ್ಕೆ ೧.೨೪.
ಎರಡು ವರ್ಷಕ್ಕೆ ೧.೧೯.
"ಮ್ಯಾಲ ಎದ್ದೈತೇನು?"
ಇಲ್ಲ ಅಜ್ಜಾ, ಅದು ನನ್ನ ತಪ್ಪಿನೊಳಗಿನ ಓಡಾಟ.
"ಹಂಗಾರ ನಿಂತೈತಿ."
ನಿಂತಿದೆ.
ಜೇಬಿನ ವಹಿಯಲ್ಲಿ ಬರೆದುಕೊಂಡರು,
ಹಿಂದಿನ ನೋಟ, ಮುಂದಿನ ನೋಟ, ಹಳೇ ಕಾಲಮ್ಮುಗಳಲ್ಲೇ.

"ಬ್ಯಾಸಿಗ್ಯಾಗ ನೀರು ಸರದಿತ್ತು. ಹೋಗಿದ್ದೆ.
ಹೊಸ್ತಿಲ ಸಿಕ್ಕಿತು, ಕೆಸರು ಬಳದು ನೋಡಿದೆ.
ಒಂದ ನೂಲು ಕದಲಿಲ್ಲ.
ಕುಂಡ್ರಾಕ ಮನಸಾತು, ನಿಮ್ಮ ಡಾಕ್ಟರು ಕೆಳಗ ಕುಂಡ್ರಬ್ಯಾಡ ಅಂದಾರಲ್ಲ,
ನಿಂತ ಬಂದೆ."

ಹೊರಟರು. ಕೋಲು ಮೇಜಿನ ಅಂಚಿಗೆ ಒರಗಿ ಉಳಿದಿತ್ತು.
ಕೂಗಲು ಬಾಯಿ ತೆರೆದವಳು
ಮುಚ್ಚಿ, ಎಣಿಸತೊಡಗಿದೆ.
ಕಾರಿಡಾರ್ ದಾಟಿ, ನೆಲಮಾಳಿಗೆಯ ಮೆಟ್ಟಿಲು:
ಒಂದು, ಎರಡು, ಬಲಗಾಲು, ಎಡಗಾಲು,
ಗೋಡೆ ಮುಟ್ಟದೆ.
ಹನ್ನೊಂದನೆಯದರಲ್ಲಿ ನಿಂತು
ಖಾಲಿ ಎಡಗೈ ನೋಡಿಕೊಂಡರು.